ಊಬಿನ ಹುಲ್ಲಿಗೆ ಜಡೆ ಬಂದದ್ದು

ಭೂಮಿಯ ಬಣ್ಣ ಇನ್ನೂ ಆರಿರದ ಕಾಲ. ಆಗ ಗುಡ್ಡ ಮಾತಾಡುತ್ತಿತ್ತು, ಹುಲ್ಲು ಮಾತಾಡುತ್ತಿತ್ತು, ಬೀಜಗಳೂ ತಮ್ಮತಮ್ಮಲ್ಲೇ ಪಿಸುಗುಡುತ್ತಿದ್ದವು.

ಒಂದು ಕೆಂಪು ಗುಡ್ಡದ ಬುಡದಲ್ಲಿ ಸುಂಕವ್ವ ಎಂಬ ಹೆಂಗಸಿದ್ದಳು. ಅವಳಿಗೆ ಒಬ್ಬಳೇ ಮಗಳು, ಹುಲಿಗಿ.

ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಕಲ್ಲಿತ್ತು. ಊರವರೆಲ್ಲ ಅಗೆದರು. ಸುಂಕವ್ವನೂ ಅಗೆದಳು. ಮೇಲಿನ ಹುಲ್ಲು ಕಿತ್ತರು, ಗಿಡ ಕಿತ್ತರು, ಮಣ್ಣನ್ನು ಪಕ್ಕಕ್ಕೆ ರಾಶಿ ಹಾಕಿದರು.

"ನನ್ನ ಮೈಮೇಲೆ ಏನಾದರೂ ಉಳಿಸ್ರಪ್ಪ" ಎಂದಿತು ಗುಡ್ಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂಗಾರಿನ ಒಂದು ಮಧ್ಯಾಹ್ನ ಆ ರಾಶಿ ಜಾರಿತು. ಕೆಳಗೆ ಹಳ್ಳದಲ್ಲಿ ಹುಲಿಗಿ ನೀರು ತುಂಬುತ್ತಿದ್ದಳು. ಮಣ್ಣು ಅವಳನ್ನು ಮುಚ್ಚಿಬಿಟ್ಟಿತು.

ಊರವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೊರಟರು. ಸುಂಕವ್ವ ಹೊರಡಲಿಲ್ಲ.

"ಮಗಳು ಇಲ್ಲೇ ಇದಾಳೆ. ಮಳೆ ಬಂದಾಗಲೆಲ್ಲ ಅವಳ ಮೇಲೆ ಇನ್ನಷ್ಟು ಮಣ್ಣು ಬೀಳ್ತದೆ. ಬಿಟ್ಟು ಹೆಂಗೆ ಬರಲಿ?" ಎಂದಳು.

ಮಣ್ಣು ಜಾರದಿರಲೆಂದು ಆ ವರ್ಷ ಅವಳು ಹೊನ್ನೆ ಮರದ ಬೀಜ ತಂದು ಗುಡ್ಡದ ಮೇಲೆ ಬಿತ್ತಿದಳು. ಮೊಳಕೆಗಳು ಬಿಸಿಲಿಗೆ ಸುಟ್ಟುಹೋದವು. ಮರುವರ್ಷ ಹೊಳೆದಂಡೆಯ ಹುಲ್ಲಿನ ಬೀಜ ತಂದಳು. ಒಂದು ತಿಂಗಳು ಹಸಿರಾಯಿತು, ಆಮೇಲೆ ಒಣಗಿತು. ಮಣ್ಣು ಮತ್ತೆ ಜಾರಿತು.

"ಒಬ್ಬೊಬ್ಬರನ್ನೇ ಕರ್ಕೊಂಡು ಬಂದರೆ ಆಗಲ್ಲ ತಾಯಿ" ಎಂದಿತು ಗುಡ್ಡ. "ಮೊದಲು ನನ್ನ ಮೇಲೆ ಯಾರ್ಯಾರಿದ್ದರೋ ಅವರನ್ನೆಲ್ಲ ಕೂಡಿಸಿ ತಾ."

ಸುಂಕವ್ವ ಯಾರೂ ಅಗೆಯದ ಪಕ್ಕದ ಗುಡ್ಡಕ್ಕೆ ಹೋದಳು. ಯಾರ ಬುಡದಲ್ಲಿ ಯಾರು ಬೆಳೆಯುತ್ತಾರೆಂದು ವರ್ಷವಿಡೀ ನೋಡಿದಳು. ಊಬಿನ ಹುಲ್ಲು, ಕಾಡುಹುರುಳಿ ಬಳ್ಳಿ, ಬಂದರಿಕೆ ಗಿಡ, ಹೊನ್ನೆ ಮರ, ಎಲ್ಲದರ ಬೀಜ ಆರಿಸಿ ಮಡಿಲಲ್ಲಿ ಬೆರೆಸಿಕೊಂಡು ಬಂದಳು.

"ಬಂದರಿಕೆ ನೆರಳು ಕೊಟ್ಟರೆ ನಾನು ಹುಟ್ತೀನಿ" ಎಂದಿತು ಹೊನ್ನೆ.

"ಹುರುಳಿ ಮಣ್ಣಿಗೆ ಸತ್ವ ಕೊಟ್ಟರೆ ನಾನು ಹುಟ್ತೀನಿ" ಎಂದಿತು ಬಂದರಿಕೆ.

"ಮಣ್ಣು ಒಂದು ಕಡೆ ನಿಂತರೆ ನಾನು ಹುಟ್ತೀನಿ" ಎಂದಿತು ಕಾಡುಹುರುಳಿ.

ಎಲ್ಲವೂ ಊಬಿನ ಹುಲ್ಲಿನ ಕಡೆ ನೋಡಿದವು. ಆಗ ಅದರ ಬೀಜಕ್ಕೆ ಈಗಿನ ಹಾಗೆ ಊಬು, ಅಂದರೆ ಬಾಲದಂಥ ಉದ್ದನೆಯ ಎಳೆ, ಇರಲಿಲ್ಲ; ಬರೀ ನುಣ್ಣನೆಯ ಕಾಳು.

"ಮಣ್ಣನ್ನ ನಾನು ಹಿಡೀತೀನಿ" ಎಂದಿತು ಹುಲ್ಲು. "ಆದರೆ ನೆಲ ಕಲ್ಲಾಗಿದೆ, ಒಳಗೆ ಹೋಗೋದು ನನ್ನಿಂದಾಗಲ್ಲ. ಗಾಳಿ ಬಂದರೆ ಹಾರಿಹೋಗ್ತೀನಿ. ಏನಾದರೂ ಕೊಡು."

ಸುಂಕವ್ವನ ಹತ್ತಿರ ಏನೂ ಇರಲಿಲ್ಲ. ಸುಮ್ಮನೆ ತಲೆ ಮುಟ್ಟಿಕೊಂಡಳು. ಗುಡ್ಡದ ಧೂಳಿಗೆ ಕಂದಾಗಿದ್ದ ಉದ್ದನೆಯ ಕೂದಲು. ದಿನಾ ಬೆಳಿಗ್ಗೆ ಹುಲಿಗಿಯೇ ಅದಕ್ಕೆ ಜಡೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಬಾಚಿರಲಿಲ್ಲ.

ಕುಡುಗೋಲು ತೆಗೆದುಕೊಂಡು ಕೂದಲು ಕೊಯ್ದಳು. ಒಂದೊಂದೇ ಎಳೆಯನ್ನು ಹುರಿ ಮಾಡಿ ಒಂದೊಂದು ಕಾಳಿಗೆ ಕಟ್ಟಿದಳು.

"ನೋವಾಯ್ತಾ?" ಎಂದು ಕೇಳಿತು ಹುಲ್ಲು. ಸುಂಕವ್ವ ಮುಂದಿನ ಕಾಳು ಕೈಗೆತ್ತಿಕೊಂಡಳು.

ಎಲ್ಲ ಬೀಜವನ್ನೂ ಗುಡ್ಡದ ಮೇಲೆ ಚೆಲ್ಲಿದಳು. ಮೊದಲ ಮಳೆ ಬಿತ್ತು. ನೆನೆದ ಹುರಿ ಮೆಲ್ಲಗೆ ಬಿಚ್ಚಿಕೊಂಡು ತಿರುಗಿತು. ತಿರುಗುತ್ತಾ ತಿರುಗುತ್ತಾ ಕಾಳನ್ನು ನೆಲಕ್ಕೆ ಇಳಿಸಿತು. ಹುಲ್ಲೆದ್ದಿತು, ಮಣ್ಣು ನಿಂತಿತು. ಹುರುಳಿ ಹಬ್ಬಿತು. ಬಂದರಿಕೆ ಬೆಳೆದು ನೆರಳು ಕೊಟ್ಟಿತು. ವರ್ಷಗಳು ಕಳೆದು ಆ ನೆರಳಲ್ಲಿ ಹೊನ್ನೆ ಎರಡೆಲೆ ಬಿಟ್ಟಾಗ ಮುದುಕಿಯಾಗಿದ್ದ ಸುಂಕವ್ವನಿಗೆ ಗುಡ್ಡ ಹತ್ತುವ ಶಕ್ತಿ ಇರಲಿಲ್ಲ. ಮಗಳು ಮಲಗಿದ್ದ ಕಡೆ ಕೆಳಗೇ ಕೂತಿದ್ದಳು.

"ಇನ್ನು ಮಣ್ಣು ಬೀಳಲ್ಲ ತಾಯಿ" ಎಂದಿತು ಗುಡ್ಡ.

"ಅವಳು ಎದ್ದು ಬರ್ತಾಳಾ?"

"ಇಲ್ಲ ತಾಯಿ."

"ಗೊತ್ತು" ಎಂದಳು ಸುಂಕವ್ವ, ಹುಲ್ಲನ್ನು ನೇವರಿಸುತ್ತಾ.

ಅದಕ್ಕೇ ಇವತ್ತಿಗೂ ಗುಡ್ಡದ ಮೇಲೆ ಊಬಿನ ಹುಲ್ಲು ಬಲಿತಾಗ, ಅದರ ಕಂದು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು, ಯಾರೋ ಬೆಳಿಗ್ಗೆ ಕೂತು ಹೆಣೆದ ಜಡೆಯ ಹಾಗೆ ಕಾಣುತ್ತವೆ.