ಸರ್ವರ್ ಠಾಣೆಗೆ ತನ್ನಿ

ಬೀಜದ ಕಂಪನಿಯ ಮ್ಯಾನೇಜರ್ ವಜ್ರಮಟ್ಟಿ ಸಾಹೇಬರು ಠಾಣೆಯ ಮೇಜು ಗುದ್ದಿದರು. ಪಿಯುಸಿ ಓದುವ ರುಬೀನಾ ಮನೆಯಲ್ಲೇ ಕೂತು ಅವರ ಕಂಪನಿಯ ಸರ್ವರ್‌ಗೆ ನುಗ್ಗಿದ್ದಳು. ಏನೂ ಕದ್ದಿರಲಿಲ್ಲ. ‘ನಿಮ್ಮ ಬಾಗಿಲು ತೆರೆದೇ ಇದೆ, ಹಾಕಿಕೊಳ್ಳಿ’ ಎಂದು ಬರೆದಿಟ್ಟು ಬಂದಿದ್ದಳು. ಈಗ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು.

“ಕೇಸ್ ಹಾಕ್ರಿ. ಇಕಿನ್ನ ಒಳಗ ಹಾಕದಿದ್ರ ಉಳಿದ ಹುಡುಗರೂ ಇದನ್ನ ಕಲೀತಾವು.”

ಹೆಡ್ ಕಾನ್‌ಸ್ಟೇಬಲ್ ನಿಂಗವ್ವನಿಗೆ ಹುಡುಗಿಯ ಮುಖ ನೋಡಿ ಪಾಪ ಅನಿಸಿತು. ಆದರೆ ದೂರು ಬೇಡ ಅನ್ನುವ ಅಧಿಕಾರ ಅವಳಿಗೆಲ್ಲಿ? ಪೆನ್ನು ತೆಗೆದಳು.

“ಹಾಕೋಣ್ರಿ. ಹುಡುಗಿ ಹೊಕ್ಕ ಆ ಸರ್ವರ್ ತಂದು ಒಪ್ಪಿಸ್ರಿ. ಅದು ಸಾಕ್ಷಿ ಅಲ್ಲೇನ್ರಿ? ಕೇಸ್ ಮುಗಿಯೂತನಕ ನಮ್ಮ ಹಿತ್ತಲದಾಗ ಜ್ವಾಪಾನ ಇಡತೀವಿ.”

ಸಾಹೇಬರು ಕಿಟಕಿಯಿಂದ ಹಿತ್ತಲು ನೋಡಿದರು. ಜಪ್ತಿಯಾದ ಲಾರಿಯ ಸ್ಟಿಯರಿಂಗಿಗೆ ತೊಂಡೆಬಳ್ಳಿ ಸುತ್ತಿತ್ತು. ಬೈಕುಗಳ ಮೇಲೆ ಕೋಳಿಗಳು ಕೂತಿದ್ದವು. ಒಂದು ಸ್ಕೂಟರಿನ ಸೀಟು ಸೀಳಿಕೊಂಡು ಎಕ್ಕದ ಗಿಡ ಎದ್ದಿತ್ತು.

ಅವರ ದನಿ ಇಳಿಯಿತು. “ಸಣ್ಣ ಹುಡುಗಿ, ತಿಳೀಲಾರದ ಮಾಡ್ಯಾಳ. ಬುದ್ಧಿ ಹೇಳಿ ಕಳಸ್ರಿ.” ದೂರು ಬೇಡವೆಂದು ಬರೆದುಕೊಟ್ಟು ಹೋಗಿಯೇಬಿಟ್ಟರು.

ರುಬೀನಾಳಿಗೆ ಹೋದ ಜೀವ ಬಂದಂತಾಯಿತು. ನಿಂಗವ್ವ ಚಹಾ ಕೊಟ್ಟು, “ಇನ್ನೊಮ್ಮೆ ಬಾಗಿಲಾ ತೆರದಿದ್ರ ಹೊರಗ ನಿಂತು ಕೂಗು, ಒಳಗ ಹೋಗಬ್ಯಾಡ,” ಎಂದಳು.

“ಹೂಂ ಅಕ್ಕಾ. ಸರ್ವರ್ ಖರೇನ ಹಿತ್ತಲದಾಗ ಇಡತಿದ್ರೇನು?”

“ಆ ಎಕ್ಕದ ಗಿಡದ ಸ್ಕೂಟರ್ ಐತೆಲ್ಲಾ, ಅದು ನಂದ. ಕದ್ದಾಂವಗ ಜಾಮೀನು ಸಿಕ್ಕಿತು, ಮದುವಿನೂ ಆತು. ಗಾಡಿ ಇನ್ನೂ ಸಾಕ್ಷಿಗಂತ ನಿಂತೈತಿ.”