ಹೆಸರು ಕೆತ್ತಿದ ಬಾವಿಕಟ್ಟೆ

"ಶೌರ್ಯಕ್ಕೆ ತಕ್ಕ ಮನ್ನಣೆ ಸಿಗದಿದ್ದರೆ ಸುಮ್ಮನಿರಬೇಕೇ ಬುದ್ಧಿ?"

ಮಠದ ಜಗಲಿಯ ಮೇಲೆ ಕುಳಿತು ಗುರುಮಲ್ಲ ಗುರುಗಳನ್ನು ಹೀಗೆ ಕೇಳಿದ. ಅವನು ಸಿಟ್ಟಿನಲ್ಲಿದ್ದ.

ಸಿಟ್ಟಿಗೆ ಕಾರಣವಿತ್ತು. ತಿಂಗಳ ಹಿಂದೆ ಊರಾಚೆಯ ನಾಲೆಯ ತಿರುವಿನಲ್ಲಿ ಒಂದು ವ್ಯಾನು ಉರುಳಿ ನೀರಿಗೆ ಬಿದ್ದಿತ್ತು. ಮೊದಲು ನೀರಿಗೆ ಹಾರಿದವನು ಗುರುಮಲ್ಲ. ಆಮೇಲೆ ಟೀ ಅಂಗಡಿಯವನು ಹಗ್ಗ ತಂದ. ಕೊನೆಗೆ ಠಾಣೆಯ ಪೇದೆ ಬಂದು ತಾನೂ ಇಳಿದ. ಮೂವರೂ ಸೇರಿ ಒಳಗಿದ್ದವರನ್ನು ಉಳಿಸಿದರು. ನಿನ್ನೆ ತಾಲ್ಲೂಕಿನ ಸಭೆಯಲ್ಲಿ ಮೂವರಿಗೂ ಸನ್ಮಾನವಾಯಿತು. ಪೇದೆಗೆ ಪದಕ ಸಿಕ್ಕಿತು, ಟೀ ಅಂಗಡಿಯವನಿಗೆ ನಾಗರಿಕ ಶೌರ್ಯದ ಶಾಲು ಸಿಕ್ಕಿತು. ಗುರುಮಲ್ಲನಿಗೆ ಯುವ ಸೇವೆಯ ಹೆಸರಿನಲ್ಲಿ ಒಂದು ಕಾಗದ ಮಾತ್ರ ಕೊಟ್ಟರು. ಅದೂ ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ.

"ಕೊನೆಗೆ ಬಂದವನಿಗೆ ಪದಕ, ಮೊದಲು ಹಾರಿದವನಿಗೆ ಕಾಗದ. ಇದು ನ್ಯಾಯವೇ ಬುದ್ಧಿ? ಅರ್ಜಿ ಬರೆದು ತಂದಿದ್ದೇನೆ. ಮೂರು ಪುಟ ಇದೆ. ತಾವು ಒಮ್ಮೆ ಕಣ್ಣಾಡಿಸಿದರೆ ಇವತ್ತೇ ಕಚೇರಿಗೆ ಕೊಟ್ಟುಬರುತ್ತೇನೆ."

ಗುರುಗಳು ಅರ್ಜಿಯನ್ನು ತೆಗೆದುಕೊಂಡರು. ಬಿಡಿಸದೆ ತೊಡೆಯ ಮೇಲೆ ಇಟ್ಟುಕೊಂಡರು.

"ಆ ತಿರುವಿನ ಮೇಲೇ ಬಂದೆಯಾ?"

"ಹೌದು ಬುದ್ಧಿ. ಬೇರೆ ದಾರಿ ಎಲ್ಲಿದೆ? ಎಲ್ಲರ ಹಾಗೆ ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಬಂದೆ."

"ಸರಿ. ಒಂದು ಕತೆ ಹೇಳುತ್ತೇನೆ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತಳವಾರನಿದ್ದ. ಊರು ಕಾಯುವುದು ಅವನ ಕೆಲಸ. ಈಗ ಪೊಲೀಸರು ಮಾಡುವುದನ್ನು ಆಗ ಅವನೊಬ್ಬನೇ ಮಾಡುತ್ತಿದ್ದ. ಊರ ನಡುವೆ ಒಂದು ದೊಡ್ಡ ಬಾವಿಯಿತ್ತು, ಅದರ ಸುತ್ತ ಸೊಂಟದೆತ್ತರದ ಕಲ್ಲಿನ ಕಟ್ಟೆಯಿತ್ತು. ಒಂದು ಮಳೆಗಾಲದಲ್ಲಿ ಕಟ್ಟೆಯ ಒಂದು ಕಡೆ ಕುಸಿಯಿತು. ಕಲ್ಲುಗಳು ಒಳಗೆ ಬೀಳಲಿಲ್ಲ, ಹೊರಕ್ಕೆ ಬಿದ್ದು ಪಕ್ಕದಲ್ಲೇ ರಾಶಿಯಾದವು. ಇದನ್ನು ನೆನಪಿನಲ್ಲಿಟ್ಟುಕೋ, ಮುಂದಿನದೆಲ್ಲ ಆ ರಾಶಿಯಿಂದಲೇ ಆದದ್ದು.

ತಳವಾರ ಊರಿನ ಯಜಮಾನನ ಬಳಿಗೆ ಹೋಗಿ, ಕಟ್ಟೆ ಸರಿಮಾಡಿಸಬೇಕು ಎಂದ. ಯಜಮಾನ, ಆಗಲಿ ನೋಡೋಣ ಎಂದ. ತಳವಾರ ಇನ್ನೊಮ್ಮೆ ಹೋದ. ಯಜಮಾನ ಇನ್ನೊಮ್ಮೆ, ಆಗಲಿ ನೋಡೋಣ ಎಂದ.

ಅಷ್ಟರಲ್ಲಿ ಒಂದು ಮಗು ಕುಸಿದ ಕಡೆಯಿಂದ ಬಾವಿಗೆ ಬಿತ್ತು. ತಳವಾರ ಹಿಂದೆಮುಂದೆ ನೋಡದೆ ಹಾರಿದ. ಒಬ್ಬ ನೇಕಾರ ಹಗ್ಗ ಇಳಿಬಿಟ್ಟ. ಒಬ್ಬ ಯುವಕ ಓಡಿಹೋಗಿ ಏಣಿ ತಂದ. ಮಗು ಉಳಿಯಿತು. ಊರಿನವರಿಗೆ ಸಂತೋಷವಾಯಿತು. ಅದು ನಿಜವಾದ ಸಂತೋಷ, ಅದರಲ್ಲಿ ತಪ್ಪಿಲ್ಲ. ಆ ಉಗಾದಿಗೆ ತಳವಾರನ ಕೈಗೆ ಬೆಳ್ಳಿಯ ಕಡಗ ಹಾಕಿದರು. ನೇಕಾರನಿಗೆ ಶಾಲು ಹೊದಿಸಿದರು. ಯುವಕನಿಗೆ ರುಮಾಲು ಸುತ್ತಿದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಸನ್ಮಾನವಾದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿ, ಸಾಹಸ ನಡೆದ ಜಾಗದಲ್ಲೇ ನೆಡುತ್ತಿದ್ದರು. ಹಳೆಯ ವೀರಗಲ್ಲುಗಳನ್ನು ನೋಡಿದ್ದೀಯಲ್ಲ, ಹಾಗೆ. ಕಲ್ಲು ಎಲ್ಲಿಂದ ತರುವುದು ಎಂಬ ಮಾತು ಬಂತು. ಯಜಮಾನ, ದೂರ ಯಾಕೆ ಹೋಗಬೇಕು, ಬಾವಿಯ ಪಕ್ಕದಲ್ಲೇ ಬಿದ್ದಿವೆಯಲ್ಲ ಎಂದ. ರಾಶಿಯಿಂದ ಮೂರು ಕಲ್ಲು ತೆಗೆದರು. ಮೂರು ಹೆಸರು ಕೆತ್ತಿ ನೆಟ್ಟರು. ಅರಿಸಿನ ಕುಂಕುಮ ಹಚ್ಚಿದರು. ಕಟ್ಟೆಯ ಮಾತು ಯಾರಿಗೂ ನೆನಪಾಗಲಿಲ್ಲ.

ತಳವಾರನಿಗೂ ನೆನಪಾಗಲಿಲ್ಲ. ಇದನ್ನು ಬಿಡಿಸಿ ಹೇಳಬೇಕು. ಅವನು ಕೆಟ್ಟವನಲ್ಲ. ಅವನ ಧೈರ್ಯ ಸುಳ್ಳೂ ಅಲ್ಲ. ಆದರೆ ಕೈಗೆ ಕಡಗ ಬಂದ ಮೇಲೆ ಅವನು ಯಜಮಾನನ ಬಳಿಗೆ ಮೂರನೆಯ ಸಲ ಹೋಗಲಿಲ್ಲ.

ಮರುವರ್ಷ ಒಬ್ಬ ಮುದುಕ ಬಿದ್ದ. ತಳವಾರ ಹಾರಿ ಉಳಿಸಿದ. ಮತ್ತೆ ಮೂರು ಸನ್ಮಾನ, ಮತ್ತೆ ಮೂರು ಕಲ್ಲು. ಅದರ ಮರುವರ್ಷ ಒಬ್ಬ ಬಸುರಿ ಬಿದ್ದಳು. ಮತ್ತೆ ಮೂರು. ಹೀಗೆ ನಾಲ್ಕು ವರ್ಷಕ್ಕೆ ಹನ್ನೆರಡು ಕಲ್ಲು ಸಾಲಾಗಿ ನಿಂತವು. ಪರವೂರಿನವರು ಬಂದು ನೋಡಿ, ಎಂಥ ವೀರರ ಊರಪ್ಪ ಇದು ಎಂದು ಬೆರಗಾದರು. ರಾಶಿಯಲ್ಲಿ ಒಂದು ಕಲ್ಲೂ ಉಳಿಯಲಿಲ್ಲ.

ಐದನೆಯ ವರ್ಷ ಒಬ್ಬ ಗಾಣಗಿತ್ತಿಯ ಮಗಳು ನೀರಿಗೆ ಬಂದು ಕಾಲು ಜಾರಿ ಬಿದ್ದಳು. ಏಳು ವರ್ಷದವಳು. ತಳವಾರ ಎಂದಿನಂತೆ ಹಾರಿದ. ಮೂರು ಸಲ ಮುಳುಗಿ ಹುಡುಕಿದ. ಮೇಲೆ ತಂದಾಗ ಅವಳಲ್ಲಿ ಉಸಿರಿರಲಿಲ್ಲ.

ಊರಿನ ಹಿರಿಯರು ಸೇರಿ ಯೋಚಿಸಿದರು. ಅವರು ಯೋಚಿಸಿದ್ದು ಬಾವಿಯ ವಿಚಾರವನ್ನಲ್ಲ. ಮಗು ಸತ್ತಿರುವಾಗ ಸನ್ಮಾನ ಮಾಡಬಹುದೇ ಎಂಬುದನ್ನು. ಮಗು ಸತ್ತರೂ ಹಾರಿದವನ ಧೈರ್ಯ ಕಡಿಮೆಯಾಗುವುದಿಲ್ಲ, ಆದ್ದರಿಂದ ಮಾಡಬಹುದು ಎಂದು ತೀರ್ಮಾನವಾಯಿತು. ತಳವಾರನ ಕೈಗೆ ಐದನೆಯ ಕಡಗ ಹಾಕಿದರು.

ಕಲ್ಲು ನೆಡುವ ದಿನ ಬಂತು. ಕಲ್ಲುಕುಟಿಗ ಬಂದು ನೋಡಿದರೆ ರಾಶಿ ಖಾಲಿ. ಯಜಮಾನ ಸುತ್ತ ನೋಡಿ, ಆ ಕಡೆಯ ಕಟ್ಟೆಯಿಂದ ಮೂರು ಕಲ್ಲು ಮೀಟಿಕೋ ಎಂದ. ಕುಸಿಯದೆ ನಿಂತಿದ್ದ ಕಟ್ಟೆ ಅದು. ಕಲ್ಲುಕುಟಿಗ ಹಾರೆ ಹಾಕಿ ಮೀಟತೊಡಗಿದ.

ಗಾಣಗಿತ್ತಿ ಜನರ ನಡುವಿನಿಂದ ಮುಂದೆ ಬಂದಳು. ಅವಳು ಅಳಲಿಲ್ಲ. ತಳವಾರನ ಎದುರು ನಿಂತಳು.

"ಅಪ್ಪಾ ತಳವಾರ, ನೀನು ಹಾರಿದೆ, ನನ್ನ ಮಗಳನ್ನು ಮೇಲೆ ತಂದುಕೊಟ್ಟೆ. ನಿನಗೆ ಕೈ ಮುಗಿಯುತ್ತೇನೆ. ಆದರೆ ಈಗ ಆ ಕಡೆಯನ್ನೂ ಒಡೆಯುತ್ತಿದ್ದೀರಲ್ಲ, ಅಲ್ಲಿ ಯಾರ ಮಗಳು ಬೀಳಬೇಕು?"

ತಳವಾರ ತನ್ನ ಹೆಸರಿನ ಕಲ್ಲುಗಳನ್ನು ನೋಡಿದ. ನಾಲ್ಕು ಇದ್ದವು. ಆ ನಾಲ್ಕೂ ಕಟ್ಟೆಯಲ್ಲಿ ಇರಬೇಕಾಗಿದ್ದ ಕಲ್ಲುಗಳು. ಅವು ಅಲ್ಲಿದ್ದಿದ್ದರೆ ಅವನು ಹಾರುವ ಅಗತ್ಯವೇ ಬರುತ್ತಿರಲಿಲ್ಲ. ಐದು ವರ್ಷ ಅವನಿಗೆ ಕಾಣದಿದ್ದದ್ದು ಆಗ ಕಂಡಿತು.

ಅವನು ಕಲ್ಲುಕುಟಿಗನ ಕೈಯಿಂದ ಹಾರೆ ಕಿತ್ತುಕೊಂಡ. ಮೊದಲು ತನ್ನ ನಾಲ್ಕು ಕಲ್ಲು ಕಿತ್ತ. ಆಮೇಲೆ ಉಳಿದ ಎಂಟನ್ನೂ ಕಿತ್ತ. ಹಗ್ಗ ಇಳಿಬಿಟ್ಟಿದ್ದ ನೇಕಾರ ಶಾಲನ್ನು ಸೊಂಟಕ್ಕೆ ಬಿಗಿದು ಗಾರೆ ಕಲಸಿಕೊಟ್ಟ. ಎರಡು ದಿನದಲ್ಲಿ ಕಟ್ಟೆ ಎದ್ದು ನಿಂತಿತು. ಕಲ್ಲು ಹೇಗೆ ಕೂರುತ್ತದೋ ಹಾಗೆ ಕೂರಿಸಿದ್ದರಿಂದ ಕೆಲವು ಹೆಸರು ಅಡ್ಡವಾಗಿದ್ದವು, ಕೆಲವು ತಲೆಕೆಳಗಾಗಿದ್ದವು.

ಯಜಮಾನ ಉರಿದುಬಿದ್ದ.

"ಏನಯ್ಯಾ, ಊರು ಕೊಟ್ಟ ಮರ್ಯಾದೆಯನ್ನು ಗಾರೆಯಲ್ಲಿ ಮೆತ್ತಿದೆಯಲ್ಲ, ನಿನ್ನ ತಲೆ ನೆಟ್ಟಗಿದೆಯೇ?"

"ಇದ್ದ ಜಾಗಕ್ಕೆ ಇಟ್ಟೆ ಯಜಮಾನರೇ. ಮೊದಲಿನಿಂದಲೂ ಅವು ಅಲ್ಲಿಯವೇ."

"ಹಾಗಾದರೆ ಬರುವ ಉಗಾದಿಗೆ ಕಡಗ ಯಾರಿಗೆ ಹಾಕುವುದು?"

"ಯಾರಿಗೂ ಹಾಕುವ ಹಾಗಾಗಬಾರದು ಅಂತಲೇ ಕಟ್ಟಿದೆ."

ಈ ಮಾತು ಹಿರಿಯರಿಗೆ ಸೊಕ್ಕಿನ ಮಾತಾಗಿ ಕೇಳಿಸಿತು. ಸನ್ಮಾನಕ್ಕೆ ಅವಮಾನ ಮಾಡಿದ ಎಂದು ಅವನ ಕಡಗಗಳನ್ನೆಲ್ಲ ಬಿಚ್ಚಿಸಿಕೊಂಡರು. ತಳವಾರಿಕೆಯನ್ನು ಬೇರೊಬ್ಬನಿಗೆ ಕೊಟ್ಟರು. ಕಟ್ಟೆಯನ್ನು ಒಡೆಸಲೂ ಹೊರಟಿದ್ದರು. ಆದರೆ ನೀರಿಗೆ ಬರುವ ಹೆಂಗಸರು ಕೊಡಗಳನ್ನು ಕಟ್ಟೆಯ ಉದ್ದಕ್ಕೂ ಇಟ್ಟು, ಅಲ್ಲೇ ನಿಂತುಬಿಟ್ಟರು. ಯಾರೂ ಹತ್ತಿರ ಹೋಗಲಿಲ್ಲ.

ಅಲ್ಲಿಂದಾಚೆಗೆ ಆ ಬಾವಿಗೆ ಯಾರೂ ಬೀಳಲಿಲ್ಲ. ಉಗಾದಿ ಬಂತು, ಹೋಯಿತು. ಕಡಗ ಪೆಟ್ಟಿಗೆಯಲ್ಲೇ ಕಪ್ಪಾಯಿತು. ಹಿರಿಯರು ಜಗಲಿಯ ಮೇಲೆ ಕುಳಿತು, ನಮ್ಮ ಕಾಲದಲ್ಲಿ ಎಂಥೆಂಥ ಧೈರ್ಯವಂತರಿದ್ದರು, ಈಗಿನವರಿಗೆ ಏನಾಗಿದೆ ಎಂದು ಮರುಗುತ್ತಿದ್ದರು. ಹಾಗೆ ಮರುಗುವಾಗ ಅವರು ಕುಡಿಯುತ್ತಿದ್ದದ್ದು ಅದೇ ಬಾವಿಯ ನೀರು. ತಳವಾರ ಕೂಲಿನಾಲಿ ಮಾಡಿ ಬದುಕಿದ. ಅವನನ್ನು ಯಾರೂ ಹೊಗಳಲಿಲ್ಲ. ಆಗದೇ ಹೋದದ್ದನ್ನು ಯಾರು ತೋರಿಸಲು ಸಾಧ್ಯ? ಗಾಣಗಿತ್ತಿ ಮಾತ್ರ ದಿನವೂ ನೀರಿಗೆ ಬಂದಾಗ, ಮಗಳು ಜಾರಿದ್ದ ಜಾಗದಲ್ಲಿ ಕಟ್ಟೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ಹೋಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲನ ಮುಖ ಕೆಂಪಾಗಿತ್ತು. ತಾನು ಹೇಳಿಕೊಳ್ಳಲು ಬಂದಿದ್ದ ಅನ್ಯಾಯ ಅವನಿಗೆ ಆಗ ನೆನಪೇ ಇರಲಿಲ್ಲ. ಈ ಅನ್ಯಾಯ ಅದಕ್ಕಿಂತ ದೊಡ್ಡದಾಗಿತ್ತು.

"ಎಂಥ ಜನ ಬುದ್ಧಿ ಅವರು! ನಾಚಿಕೆಗೆಟ್ಟವರು! ಒಂದಲ್ಲ ಎರಡಲ್ಲ, ಐದು ವರ್ಷ! ಕಣ್ಣೆದುರಿಗೇ ಬಾವಿ ಬಾಯಿ ತೆರೆದು ನಿಂತಿದ್ದರೆ, ಕಲ್ಲು ಪಕ್ಕದಲ್ಲೇ ಬಿದ್ದಿದ್ದರೆ, ಊರಿನಲ್ಲಿ ಒಬ್ಬನಿಗಾದರೂ ಬಾಯಿ ಇರಲಿಲ್ಲವೇ? ನಾನಾಗಿದ್ದರೆ ಆ ಯಜಮಾನನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ!"

ಗುರುಗಳು ತೊಡೆಯ ಮೇಲಿದ್ದ ಅರ್ಜಿಯನ್ನು ಎತ್ತಿ, ಮಡಿಕೆ ಬಿಚ್ಚದೆ ಹಾಗೆಯೇ ಅವನ ಕೈಗೆ ಕೊಟ್ಟು ಕೇಳಿದರು:

"ಗುರುಮಲ್ಲ, ಆ ನಾಲೆಯ ತಿರುವಿಗೆ ತಡೆಗೋಡೆ ಬೇಕು ಎನ್ನುವ ಮಾತನ್ನು ಈ ಮೂರು ಪುಟದಲ್ಲಿ ಎಷ್ಟನೆಯ ಸಾಲಿನಲ್ಲಿ ಬರೆದಿದ್ದೀಯೆ?"