ರೋಗಕ್ಕೆ ಹೆಸರು ಕಟ್ಟಿದ ಪಂಡಿತ

"ಗುರುಗಳೇ, ಎಲ್ಲೂ ಇಲ್ಲದ ಒಂದು ಪದವನ್ನು ಹೊಸದಾಗಿ ಕಟ್ಟಿದರೆ ಯಾರಿಗೆ ಏನು ಕೇಡು?" ಎಂದು ಮುರಿಗೆಪ್ಪ ಕೇಳಿದ.

ಅವನು ಗುರುಗಳ ಬಳಿ ಗ್ರೀಕ್ ಮತ್ತು ಲ್ಯಾಟಿನ್ ಕಲಿಯುತ್ತಿದ್ದ. ಇಂಗ್ಲಿಷಿನ ಎಷ್ಟೋ ದೊಡ್ಡ ಪದಗಳು ಈ ಎರಡು ಹಳೆಯ ಭಾಷೆಗಳ ಬೇರಿನಿಂದ ಚಿಗುರಿದವು ಎಂದು ತಿಳಿದ ದಿನದಿಂದ ಅವನಿಗೊಂದು ಆಟ ಹತ್ತಿತ್ತು. ಎರಡು ಬೇರುಗಳನ್ನು ಜೋಡಿಸಿ ಹೊಸ ಇಂಗ್ಲಿಷ್ ಪದ ಕಟ್ಟುವುದು. ಕೇಳಿದವರು ಇದು ನಿಘಂಟಿನಲ್ಲಿ ಇದ್ದೇ ಇರುತ್ತದೆ ಎಂದು ನಂಬಬೇಕು, ಹಾಗೆ ಕಟ್ಟುವುದು.

ಅಂದು ಬೆಳಿಗ್ಗೆ ಅವನು ರೈಲಿನಲ್ಲಿ ಊರಿನಿಂದ ಮರಳಿದ್ದ. ಎದುರಿಗೆ ಕೂತಿದ್ದ ಹೆಂಗಸಿನ ಮಗಳು ತುದಿಗಾಲಿನಲ್ಲೇ ಓಡಾಡುತ್ತಿದ್ದಳು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. "ಓದಿದವರ ಹಾಗೆ ಕಾಣ್ತೀಯಪ್ಪಾ, ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?" ಎಂದು ತಾಯಿ ಕೇಳಿದ್ದಳು. ಮುರಿಗೆಪ್ಪ ಒಂದು ಗಳಿಗೆ ಕಿಟಕಿಯ ಹೊರಗೆ ನೋಡಿ, "ಆಕ್ರೊಬೇಸಿಯಾ" ಎಂದಿದ್ದ. ತುದಿ ಎಂಬುದಕ್ಕೆ ಒಂದು ಬೇರು, ನಡಿಗೆ ಎಂಬುದಕ್ಕೆ ಒಂದು ಬೇರು. ಆ ಹೆಂಗಸು ಮರೆತೀತೆಂದು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ, ಮಗಳ ಕೈ ಹಿಡಿದು, ದಾರಿಯಲ್ಲಿ ಎಲ್ಲೋ ಇಳಿದು ಹೋಗಿದ್ದಳು.

"ಅವಳಿಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ನನಗೆ ಕೈ ಮುಗಿದು ಹೋದಳು" ಎಂದ ಮುರಿಗೆಪ್ಪ.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ಪಂಡಿತನಿದ್ದ. ಅವನಿಗೂ ಆ ಎರಡು ಹಳೆಯ ಭಾಷೆಗಳು ಬರುತ್ತಿದ್ದವು. ಆ ಊರಿನಲ್ಲಿ ಇಂಗ್ಲಿಷಿಗೆ ದೊಡ್ಡ ಮರ್ಯಾದೆ. ಆಳುವವರ ಭಾಷೆ ಅದು, ಹಡಗಿನವರ ಭಾಷೆ ಅದು. ಆದ್ದರಿಂದ ಜನ ಪಂಡಿತನ ಬಳಿಗೆ ಬಂದು ತಮಗೆ ಬೇಕಾದ್ದಕ್ಕೆ ಇಂಗ್ಲಿಷ್ ಹೆಸರು ಕೇಳುತ್ತಿದ್ದರು. ನಿಘಂಟಿನಲ್ಲಿ ಇದ್ದರೆ ಅದನ್ನೇ ಹೇಳುತ್ತಿದ್ದ. ಇಲ್ಲದಿದ್ದರೆ ಕಟ್ಟಿಕೊಡುತ್ತಿದ್ದ.

ಒಮ್ಮೆ ಒಬ್ಬ ಜಮೀನ್ದಾರ ಬಂದ. "ಮಗನಿಗೆ ಹೆಣ್ಣು ನೋಡುತ್ತಿದ್ದೇವೆ ಪಂಡಿತರೇ. ಹುಡುಗ ಏನು ಮಾಡುತ್ತಾನೆ ಅಂತ ಬೀಗರು ಕೇಳುತ್ತಾರೆ. ಒಂದು ಇಂಗ್ಲಿಷ್ ಹೆಸರು ಬೇಕು" ಎಂದ.

"ಏನು ಮಾಡುತ್ತಾನೆ?"

"ಮಧ್ಯಾಹ್ನ ಮಲಗುತ್ತಾನೆ."

"ಬೆಳಿಗ್ಗೆ?"

"ಅದಕ್ಕೆ ತಯಾರಾಗುತ್ತಾನೆ."

ಪಂಡಿತ 'ಮೆರಿಡಾರ್ಮಿಸ್ಟ್' ಎಂದು ಕಟ್ಟಿಕೊಟ್ಟ. ನಡುಹಗಲು ಎಂಬುದೊಂದು ಬೇರು, ನಿದ್ದೆ ಎಂಬುದೊಂದು ಬೇರು. ಹೆಣ್ಣಿನ ತಂದೆ ಕೇಳಿದ್ದು ಒಂದೇ ಪ್ರಶ್ನೆಯಂತೆ, ಕೆಲಸ ಕಾಯಂ ತಾನೇ ಎಂದು. ಕಾಯಂ ಎಂದು ಜಮೀನ್ದಾರ ಆಣೆ ಇಟ್ಟು ಹೇಳಿದ. ಮದುವೆ ಆಯಿತು.

ಪಂಡಿತನದು ಒಂದೇ ನೇಮ. ಪದ ಹೊಸದಿರಬಹುದು, ಬೇರು ಸುಳ್ಳಾಗಬಾರದು. ನೇಕಾರ ಸೀರೆಯ ಸೆರಗು ಬಿಡಿಸಿ ಎಳೆ ತೋರಿಸುವ ಹಾಗೆ, ಪದದ ಜೊತೆಗೆ ಅದರ ಬೇರುಗಳನ್ನೂ ಬಿಡಿಸಿ ಹೇಳಿ ಕಳಿಸುತ್ತಿದ್ದ. ಹೊಸ ಪದವನ್ನು ಮೊದಲು ಹೆಂಡತಿಗೆ ಕೇಳಿಸುತ್ತಿದ್ದ. ಅವಳು ಮಿತಭಾಷಿ. "ಇದು ಬಾಯಿಗೆ ಹತ್ತುವುದಿಲ್ಲ, ಇನ್ನೊಂದು ಮಾಡಿ" ಎನ್ನುತ್ತಿದ್ದಳು, ಇಲ್ಲವೇ ನಗುತ್ತಿದ್ದಳು. ನಕ್ಕರೆ ಪದ ಗೆದ್ದಿತು ಎಂದು ಲೆಕ್ಕ.

ಆ ಬಂದರಿನಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯಿತ್ತು. ಊರಿನ ಮಾತಿನಲ್ಲಿ ಹೆಸರಿರುವ ಕಾಯಿಲೆಗೆ ಮನೆಯಲ್ಲೇ ಕಷಾಯ. ಹಡಗಿನಿಂದ ಇಳಿದ, ಇಂಗ್ಲಿಷ್ ಹೆಸರಿನ ಕಾಯಿಲೆಯಾದರೆ ಬಾಗಿಲಿಗೆ ಹಳದಿ ಬಟ್ಟೆ ಕಟ್ಟಿ, ರೋಗಿಯನ್ನು ದೋಣಿಯಲ್ಲಿ ಅಳಿವೆಯ ಆಚೆಗಿನ ಮರಳ ದಿಬ್ಬಕ್ಕೆ ಸಾಗಿಸುವುದು. ದಿಬ್ಬದ ಮೇಲೆ ತಗಡಿನ ಸೂರಿನ ಒಂದು ಉದ್ದನೆಯ ಕೊಟ್ಟಿಗೆ. ಅಲ್ಲಿಗೆ ಹೋದವರಲ್ಲಿ ಮರಳಿದವರು ಕಡಿಮೆ. ಬಹಳ ವರ್ಷಗಳಿಂದ ಅಂಥ ಕಾಯಿಲೆ ಬಂದಿರಲಿಲ್ಲ. ಜನ ಆ ಕಟ್ಟಳೆಯನ್ನು ಮರೆತಿದ್ದರು. ಪಂಡಿತನೂ ಮರೆತಿದ್ದ.

ಒಂದು ದಿನ ಅವನ ಜಗಲಿಗೆ ಒಬ್ಬ ಬೆಸ್ತರ ಹೆಂಗಸು ಬಂದಳು. ಅವಳ ಗಂಡ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು. ಪೀಡೆ ಹೊಕ್ಕಿದೆ ಎಂದು ನೆರೆಯವರು ಬೇವಿನ ಬರಲಿನಿಂದ ಹೊಡೆಸಿದ್ದರು. ಮುಂಗೈಗೆ ಬರೆ ಹಾಕಿಸಿದ್ದರು.

"ಸ್ವಾಮಿ, ಇದು ಪೀಡೆ ಅಲ್ಲ, ಕಾಯಿಲೆ ಅಂತ ಒಂದು ಇಂಗ್ಲಿಷ್ ಹೆಸರು ಕೊಡಿ. ನಾಳೆ ಹಣೆಗೆ ಬರೆ ಹಾಕ್ತಾರಂತೆ" ಎಂದಳು.

ಪಂಡಿತ ಹುಡುಗಿಯ ಮುಂಗೈ ನೋಡಿದ. ಸುಟ್ಟ ಗಾಯ ಇನ್ನೂ ಒಣಗಿರಲಿಲ್ಲ. ಅವನು ಹೆಚ್ಚು ಯೋಚಿಸಲಿಲ್ಲ. "ಸಿಗೋಥೈಮಿಯಾ ಅಂತ ಹೇಳು ತಾಯಿ. ಮೌನ ಅಂತ ಒಂದು ಬೇರು, ಮನಸ್ಸು ಅಂತ ಒಂದು ಬೇರು" ಎಂದ.

ಅವಳು ಹೋದ ಮೇಲೆ ಒಳಗಿನಿಂದ ಹೆಂಡತಿ ಕೇಳಿದಳು: "ಅದು ದುಃಖ, ಕಾಯಿಲೆ ಅಲ್ಲ ಅಂತ ಹೇಳಬಹುದಿತ್ತಲ್ಲ?"

"ಹೇಳಿದರೆ ಬರೆ ನಿಲ್ಲುತ್ತಿತ್ತೇ?" ಎಂದ ಪಂಡಿತ.

ಬರೆ ನಿಂತಿತು. ಇಂಗ್ಲಿಷ್ ಹೆಸರು ಕೇಳಿದ್ದೇ ನೆರೆಯವರು ಕೈ ಹಿಂದಕ್ಕೆ ತೆಗೆದರು. ಪಂಡಿತನಿಗೆ ಅಂದು ಊಟ ರುಚಿಸಿತು.

ಕೆಲವು ದಿನ ಕಳೆದವು. ಪೇಟೆಯಲ್ಲಿ ಒಬ್ಬ ವ್ಯಾಪಾರಿ ಬಂದರಿನ ಡಾಕ್ಟರನ್ನು ತಡೆದು, "ಸಿಗೋಥೈಮಿಯಾ ಅಂತ ಏನೋ ಬಂದಿದೆಯಂತಲ್ಲ ಡಾಕ್ಟರೇ?" ಎಂದು ಕೇಳಿದ. ಡಾಕ್ಟರು ಆ ಪದವನ್ನು ಎಂದೂ ಕೇಳಿರಲಿಲ್ಲ. ಆದರೆ ಸುತ್ತ ಜನ ನಿಂತಿದ್ದರು. ಅವರು ತಮಗೆ ತಿಳಿದಷ್ಟು ಗ್ರೀಕಿನಲ್ಲಿ ಪದವನ್ನು ಬಿಡಿಸಿ ನೋಡಿದರು. ಮೌನ. ಮನಸ್ಸು.

"ಕೇಳಿದ್ದೇನೆ. ಒಳ್ಳೆಯದಲ್ಲ" ಎಂದರು.

"ಹರಡುತ್ತದೆಯೇ?"

"ಎಚ್ಚರದಿಂದ ಇರುವುದು ಮೇಲು."

ಪಂಡಿತ ಪಕ್ಕದ ಅಂಗಡಿಯಲ್ಲಿ ಬೆಲ್ಲ ಕಟ್ಟಿಸುತ್ತಿದ್ದ. ಈ ಮಾತು ಅವನ ಕಿವಿಗೆ ಬಿತ್ತು. ಆಗ ಅವನು ಬಾಯಿ ಬಿಡಬಹುದಿತ್ತು. ನಿಜ ಹೇಳಿದರೆ ಡಾಕ್ಟರ ಮರ್ಯಾದೆ ಹೋಗುತ್ತದೆ, ಹುಡುಗಿಗೆ ಮತ್ತೆ ಬರೆ ಬೀಳುತ್ತದೆ ಎಂದುಕೊಂಡ. ತನ್ನ ಪದವನ್ನು ಡಾಕ್ಟರೂ ನಂಬಿದರಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ಬೆಲ್ಲದ ಪೊಟ್ಟಣ ಹಿಡಿದು ಮನೆಗೆ ಬಂದ.

ಮರುದಿನ ಯಾರೋ ಕಟ್ಟಳೆಯನ್ನು ನೆನಪಿಸಿಕೊಂಡರು. ಬೆಸ್ತರ ಹೆಂಗಸಿನ ಬಾಗಿಲಿಗೆ ಹಳದಿ ಬಟ್ಟೆ ಬಿತ್ತು. ಹುಡುಗಿಯನ್ನು ದೋಣಿಗೆ ಹತ್ತಿಸುವಾಗ ತಾಯಿ ಎದೆಮಟ್ಟ ನೀರಿನವರೆಗೆ ಹಿಂದೆ ಹೋದಳು. ದೋಣಿಯವರು ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡಿದ್ದರು. ಆಗಲೂ ಹುಡುಗಿ ಒಂದು ಮಾತು ಆಡಲಿಲ್ಲ. ತಾಯಿಯನ್ನೇ ನೋಡುತ್ತಾ ಹೋದಳು.

ಆಮೇಲೆ ಒಬ್ಬ ಹೊಸ ಸೊಸೆ. ಅತ್ತೆ ಬೈದರೆ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ. ಆಮೇಲೆ ಒಬ್ಬ ಮುದಿ ಹಮಾಲಿ. ಅವನು ಮೂಟೆ ಇಳಿಸಿ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ದೋಣಿ ಬಂದಾಗ ಇಬ್ಬರೂ ಮಾತಾಡಿದರು, ಅತ್ತರು, ಕೂಗಿದರು. ಹೆದರಿಕೆಗೆ ಹೀಗೆ ಕೂಗುತ್ತಾರೆ, ರೋಗ ಒಳಗೇ ಇರುತ್ತದೆ ಎಂದು ಜನ ಹೇಳಿದರು.

ಆಗ ಊರು ಮಾತಾಡತೊಡಗಿತು.

ಯಾರೂ ಸುಮ್ಮನಿರಲಿಲ್ಲ. ಉಣ್ಣುವಾಗ ಮಾತಾಡಿದರು, ನೀರು ಸೇದುವಾಗ ಮಾತಾಡಿದರು. ಒಂಟಿಯಾಗಿ ನಡೆಯುವವರು ಮನೆಗಳ ಮುಂದೆ ಬಂದಾಗ ಗಟ್ಟಿಯಾಗಿ ಮಗ್ಗಿ ಹೇಳಿದರು. ದೇವರ ಮುಂದೆ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದವರು ಕೂಗಿ ಬೇಡಿಕೊಂಡರು. ಹೆಣ ಹೊತ್ತವರು ಅಕ್ಕಿಯ ಬೆಲೆಯ ವಿಚಾರ ಮಾತಾಡುತ್ತಾ ನಡೆದರು. ಮಾತಿಗೆ ವಿಷಯವಿರಲಿಲ್ಲ. ಎದುರಿನವನು ಉತ್ತರ ಕೊಡಲು ತಡಮಾಡಿದರೆ ಅವನ ಮುಖವನ್ನು ಎಲ್ಲರೂ ತಿರುಗಿ ನೋಡುತ್ತಿದ್ದರು.

ಪಂಡಿತನಿಗೂ ಅವನ ಹೆಂಡತಿಗೂ ಮಾತ್ರ ಗೊತ್ತಿತ್ತು, ಅಲ್ಲಿ ಯಾವ ರೋಗವೂ ಇಲ್ಲ ಎಂದು. ಆದರೂ ಬೀದಿಗೆ ಇಳಿದರೆ ಅವನೂ ಗಟ್ಟಿಯಾಗಿ ಮಾತಾಡುತ್ತಿದ್ದ.

ಆ ದಿನಗಳಲ್ಲೇ ಅವನ ಹೆಂಡತಿಯ ತವರಿನಿಂದ ಸುದ್ದಿ ಬಂತು. ಅವಳ ತಾಯಿ ತೀರಿಕೊಂಡಿದ್ದಳು. ಅವಳು ಅಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಪಂಡಿತ ಮಾತಾಡಿಸಿದ. ಅವಳು ಅವನ ಮುಖ ನೋಡಿದಳು, ಮಾತು ಹೊರಡಲಿಲ್ಲ.

"ಏನಾದರೂ ಅನ್ನೇ. ನನ್ನನ್ನು ಬೈಯಾದರೂ ಬೈ" ಎಂದು ಅವನು ಬೇಡಿಕೊಂಡ. ಅವಳ ತುಟಿ ಅಲುಗಿತು, ಅಷ್ಟೇ. ಒತ್ತಾಯ ಮಾಡಿದಷ್ಟೂ ಅವಳು ಇನ್ನೂ ಒಳಗೆ ಸರಿದಳು. ಸ್ವಲ್ಪ ದಿನ ಬಿಟ್ಟರೆ ತಾನಾಗಿ ಮಾತು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಸ್ವಲ್ಪ ದಿನ ಊರು ಕೊಡಬೇಕಲ್ಲ.

ಅವನು ಬಾಗಿಲು ಮುಂದೆ ಮಾಡಿಕೊಂಡು ಇಬ್ಬರ ಮಾತನ್ನೂ ತಾನೇ ಆಡತೊಡಗಿದ. ತನ್ನ ದನಿಯಲ್ಲಿ "ಸಾರಿಗೆ ಉಪ್ಪು ಕಮ್ಮಿ" ಎನ್ನುವುದು. ದನಿ ಸಣ್ಣ ಮಾಡಿ "ಹಾಕಿಕೊಳ್ಳಿ, ಅಲ್ಲೇ ಇದೆ" ಎನ್ನುವುದು. ಹೆಂಡತಿ ಗೋಡೆಗೆ ಒರಗಿ ಅವನನ್ನು ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಅವಳು ಎಂದೂ ಅಷ್ಟು ಮಾತಾಡಿದವಳಲ್ಲ ಎಂಬುದನ್ನು ಅವನು ಮರೆತಿದ್ದ.

ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ಕೇಳಿದಳು: "ಏನು ಪಂಡಿತರೇ, ಅಕ್ಕ ಇದ್ದಕ್ಕಿದ್ದ ಹಾಗೆ ವಾಚಾಳಿ ಆಗಿಬಿಟ್ಟರಲ್ಲ? ನೆಗಡಿಯೇನೋ, ದನಿ ಬೇರೆ ಒಡೆದಿದೆ."

"ಹೌದಮ್ಮ, ನೆಗಡಿ" ಎಂದ ಪಂಡಿತ.

ಆ ಒಡೆದ ದನಿ ಯಾರದೆಂಬ ಗುಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಹಳದಿ ಬಟ್ಟೆ ಹಿಡಿದವರು ಬಂದರು. ಜೊತೆಗೆ ಡಾಕ್ಟರು, ಹಿಂದೆ ಬೀದಿಯ ಜನ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪಂಡಿತ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ.

"ಕೇಳಿ, ಅಂಥ ಕಾಯಿಲೆಯೇ ಇಲ್ಲ. ಆ ಪದ ನಾನು ಕಟ್ಟಿದ್ದು. ಈ ಜಗಲಿಯ ಮೇಲೆ ಕೂತು ಕಟ್ಟಿದ್ದು" ಎಂದ.

ಜನ ಡಾಕ್ಟರ ಕಡೆ ನೋಡಿದರು. ಡಾಕ್ಟರು ಕೇಳಿದರು: "ಹಾಗಾದರೆ ಆ ಬೇರುಗಳು ಸುಳ್ಳೇ?"

ಅದಕ್ಕೆ ಹೌದು ಎಂದಿದ್ದರೆ ಸಾಕಿತ್ತೋ ಏನೋ. ಆದರೆ ಆ ವಿಷಯದಲ್ಲಿ ಪಂಡಿತ ಜೀವಮಾನದಲ್ಲಿ ಒಮ್ಮೆಯೂ ಸುಳ್ಳು ಹೇಳಿದವನಲ್ಲ. ನಾಲಿಗೆ ಅಭ್ಯಾಸದ ದಾರಿ ಹಿಡಿಯಿತು.

"ಇಲ್ಲ. ಬೇರುಗಳು ನಿಜ" ಎಂದ.

"ಬೇರು ನಿಜ, ಪದ ಸುಳ್ಳು! ಹೆಂಡತಿಯನ್ನು ಉಳಿಸಿಕೊಳ್ಳಲು ಯಾರಾದರೂ ಹೀಗೇ ಹೇಳುತ್ತಾರೆ" ಎಂದರು ಡಾಕ್ಟರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಮರುಕವಿತ್ತು.

ಆಗ ಗುಂಪಿನಲ್ಲಿ ಪಂಡಿತನಿಗೆ ಆ ಬೆಸ್ತರ ಹೆಂಗಸು ಕಂಡಳು. ಅವನಿಗೆ ಜೀವ ಬಂದ ಹಾಗಾಯಿತು. "ತಾಯಿ, ನೀನು ಹೇಳು. ನಿನ್ನ ಮಗಳಿಗೆ ಹೆಸರು ಕಟ್ಟಿಕೊಟ್ಟವನು ನಾನಲ್ಲವೇ? ಅದಕ್ಕೆ ಮೊದಲು ಆ ಕಾಯಿಲೆ ಇತ್ತೇ?"

ಮಾತಾಡುತ್ತಿದ್ದ ಜನ ಅವಳ ಉತ್ತರಕ್ಕಾಗಿ ಮಾತು ನಿಲ್ಲಿಸಿದರು. ಇರಲಿಲ್ಲ ಎಂದರೆ ಮಗಳನ್ನು ದಿಬ್ಬಕ್ಕೆ ಕಳಿಸಿದ್ದು ಯಾವ ರೋಗವೂ ಅಲ್ಲ, ತಾನು ಕೇಳಿ ತಂದ ಒಂದು ಹೆಸರು ಎಂದಾಗುತ್ತಿತ್ತು. ಮಗಳು ತೀರಿಕೊಂಡ ಸುದ್ದಿ ಹಿಂದಿನ ದಿನವಷ್ಟೇ ದೋಣಿಯವರಿಂದ ಬಂದಿತ್ತು.

"ನೀವು ಹೆಸರು ಹೇಳಿದಿರಿ ಸ್ವಾಮಿ, ಅಷ್ಟೇ. ಕಾಯಿಲೆ ಮೊದಲೇ ಇತ್ತು" ಎಂದಳು.

ಪಂಡಿತನಿಗೆ ಅವಳ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಹುಡುಗಿಯ ಮುಂಗೈಯ ಗಾಯ ನೆನಪಾಯಿತು. ಏನಾದರೂ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಯಾವ ಮಾತಾದರೂ ಆದೀತು, ತನ್ನ ಹೆಸರಾದರೂ ಆದೀತು. ಹುಟ್ಟಿದಂದಿನಿಂದ ಪದಗಳ ನಡುವೆಯೇ ಬದುಕಿದ ಮನುಷ್ಯ. ನಾಲಿಗೆ ಮೇಲೇಳಲಿಲ್ಲ.

ಮುಂದಿನ ಸಾಲಿನವರು ಅದನ್ನು ಮೊದಲು ಗಮನಿಸಿದರು. ಒಬ್ಬ ತನ್ನ ಮಗುವನ್ನು ಎತ್ತಿಕೊಂಡು ಹಿಂದೆ ಸರಿದ. ಆಮೇಲೆ ಎಲ್ಲರೂ ಸರಿದರು. ಯಾರೋ ಇನ್ನೊಂದು ಹಳದಿ ಬಟ್ಟೆ ತರಲು ಓಡಿದರು.

ಹೆಂಡತಿ ಒಳಗಿನಿಂದ ಬಂದು ಪಂಡಿತನ ಕೈ ಹಿಡಿದಳು. "ನಡೀರಿ, ನಾನೂ ಬರ್ತೀನಿ" ಎಂದಳು. ತಾಯಿ ಸತ್ತ ಮೇಲೆ ಅವಳು ಆಡಿದ ಮೊದಲ ಮಾತು ಅದು. ಆದರೆ ಆ ಹೊತ್ತಿಗೆ ಊರೆಲ್ಲ ಮತ್ತೆ ಗಟ್ಟಿಯಾಗಿ ಮಾತಾಡತೊಡಗಿತ್ತು. ಅದು ಯಾರಿಗೂ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ, "ಇದು ಬಹಳ ಹಿಂದಿನ ಕತೆಯಲ್ಲವೇ ಗುರುಗಳೇ? ಈಗ ಅಂಥ ದಿಬ್ಬಗಳಿಲ್ಲವಲ್ಲ?" ಎಂದು ಕೇಳಿದ.

ಗುರುಗಳು ಕೇಳಿದರು: "ರೈಲಿನಲ್ಲಿ ಸಿಕ್ಕ ಆ ತಾಯಿ ಮಗಳು ಯಾವ ಊರಿನಲ್ಲಿ ಇಳಿದರು?"